ಜರ್ಮನಿಯಲ್ಲಿ ಮೊದಲ ಆರು ತಿಂಗಳು: ಯಾವ ಕೆಲಸ ಮೊದಲು, ಯಾವುದು ನಂತರ

ಉದ್ಯೋಗಕ್ಕೋ ಓದಿಗೋ ಜರ್ಮನಿಗೆ ಬಂದ ಕನ್ನಡಿಗರು ಮೊದಲ ತಿಂಗಳುಗಳಲ್ಲಿ ಎಡವುವುದು ಬಹುಪಾಲು ಒಂದೇ ಜಾಗದಲ್ಲಿ, ಅಂದರೆ ಕೆಲಸಗಳ ಸರದಿಯಲ್ಲಿ. ವಿಳಾಸ ನೋಂದಣಿಯಾಗದೆ ತೆರಿಗೆ ಸಂಖ್ಯೆ ಬರುವುದಿಲ್ಲ, ಅಂಚೆಪೆಟ್ಟಿಗೆಯ ಮೇಲೆ ಹೆಸರಿಲ್ಲದೆ ಆ ಸಂಖ್ಯೆ ಹೊತ್ತ ಪತ್ರ ಕೈಸೇರುವುದಿಲ್ಲ, ವಿಮೆಯ ಪುರಾವೆಯಿಲ್ಲದೆ ನಿವಾಸ ಪರವಾನಗಿಯ ಅರ್ಜಿ ಪೂರ್ಣವಾಗುವುದಿಲ್ಲ. ಒಂದು ಕೊಂಡಿ ತಪ್ಪಿದರೆ ಮುಂದಿನ ಮೂರು ಕೆಲಸಗಳು ನಿಲ್ಲುತ್ತವೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಮಾಡಬೇಕೆಂದು ಕೋರುತ್ತೇನೆ.

## ಹಂತ 1: ಊರು ಬಿಡುವ ಮೊದಲು ಕಾಗದಪತ್ರ ಮತ್ತು ಹೆಸರು

ಮದುವೆಯಾದವರು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆದ ವಿವಾಹ ನೋಂದಣಿ ಪತ್ರವನ್ನು ಮೂಲರೂಪದಲ್ಲಿಯೇ ತರಬೇಕು. ದೇವಸ್ಥಾನ ಅಥವಾ ಕಲ್ಯಾಣಮಂಟಪ ಕೊಟ್ಟ ಪತ್ರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಸೇರಿದೆಯೇ, ತಂದೆತಾಯಿಯರ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ನೋಡಿಕೊಳ್ಳಿ. ತಿದ್ದುಪಡಿಯೇನಿದ್ದರೂ ಊರಿನಲ್ಲಿದ್ದಾಗ ಮಾಡಿಸುವುದೇ ಸುಲಭ. ಕೆಲವು ಕಚೇರಿಗಳು ಇಂಗ್ಲಿಷ್ ಪತ್ರಗಳನ್ನು ಒಪ್ಪುತ್ತವೆ, ಕೆಲವು ಪ್ರಮಾಣಿತ ಭಾಷಾಂತರಕಾರರಿಂದ ಜರ್ಮನ್ ಅನುವಾದ ಕೇಳುತ್ತವೆ. ಪದವಿಯ ಮೂಲಪತ್ರಗಳು, ಮಕ್ಕಳ ಲಸಿಕೆ ಪುಸ್ತಕ ಮತ್ತು ಭಾರತದ ಡ್ರೈವಿಂಗ್ ಲೈಸೆನ್ಸ್ ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಬೇಡ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಬರುವ ತೊಂದರೆ ಬೇರೆಯವರಿಗೆ ಅಷ್ಟಾಗಿ ಬರುವುದಿಲ್ಲ. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಇಟ್ಟುಕೊಂಡವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿಯಿರುತ್ತದೆ. ಇಲ್ಲಿನ ಪ್ರತಿ ಅರ್ಜಿಯೂ ಹೆಸರು ಮತ್ತು ಮನೆತನದ ಹೆಸರನ್ನು ಬೇರೆಬೇರೆಯಾಗಿ ಕೇಳುತ್ತದೆ. ಬ್ಯಾಂಕಿನಲ್ಲಿ ಒಂದು ಬಗೆಯಾಗಿ, ವಿಮಾ ಸಂಸ್ಥೆಯಲ್ಲಿ ಇನ್ನೊಂದು ಬಗೆಯಾಗಿ ತುಂಬಿದರೆ ಮುಂದೆ ಇಬ್ಬರೂ ಒಬ್ಬರೇ ಎಂದು ಸಾಬೀತುಪಡಿಸುವುದರಲ್ಲಿಯೇ ಎಷ್ಟೋ ಪತ್ರಗಳು ಓಡಾಡುತ್ತವೆ. ಸಮಯವಿದ್ದರೆ ಪಾಸ್‌ಪೋರ್ಟನ್ನೇ ಸರಿಪಡಿಸಿಕೊಂಡು, ಅದರ ಮೇಲೆ ವೀಸಾ ಪಡೆಯಿರಿ. ಸಮಯವಿಲ್ಲದಿದ್ದರೆ ವಿಳಾಸ ನೋಂದಣಿಯ ಪತ್ರದಲ್ಲಿ ಹೆಸರು ಹೇಗೆ ದಾಖಲಾಗುವುದೋ ಅದನ್ನೇ ಮುಂದಿನ ಎಲ್ಲ ಕಡೆ ಅಕ್ಷರ ಬಿಡದೆ ಬಳಸಿ.

## ಹಂತ 2: ನೋಂದಣಿಗೆ ಒಪ್ಪುವ ಮನೆ

ಮೊದಲ ಮನೆ ಸುಂದರವಾಗಿರಬೇಕಿಲ್ಲ, ಕಚೇರಿಗೆ ಹತ್ತಿರವಿರಬೇಕಿಲ್ಲ. ಆ ವಿಳಾಸದಲ್ಲಿ ನಿಮ್ಮ ಹೆಸರು ನೋಂದಣಿಯಾಗುವಂತಿರಬೇಕು. ನೋಂದಣಿಗೆ ಮನೆ ಕೊಟ್ಟವರ ಸಹಿಯುಳ್ಳ ದೃಢೀಕರಣ ಪತ್ರ ಬೇಕು. ಇದನ್ನು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್ ಎನ್ನುತ್ತಾರೆ. ಬಾಡಿಗೆ ಕರಾರು ಇದಕ್ಕೆ ಬದಲಿಯಾಗುವುದಿಲ್ಲ. ಹೋಟೆಲ್ ಮತ್ತು ರಜಾದಿನದ ಅಪಾರ್ಟ್‌ಮೆಂಟುಗಳು ಸಾಮಾನ್ಯವಾಗಿ ಈ ಪತ್ರ ಕೊಡುವುದಿಲ್ಲ. ಹಣ ಕಟ್ಟುವ ಮೊದಲೇ ‘ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ (ವಿಳಾಸ ನೋಂದಣಿ) ಆಗುತ್ತದೆಯೇ’ ಎಂದು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ.

ಜಾಹೀರಾತಿನಲ್ಲಿ ಕಾಲ್ಟ್‌ಮೀಟೆ ಎಂದರೆ ಬರಿಯ ಬಾಡಿಗೆ. ವಾರ್ಮ್‌ಮೀಟೆಯಲ್ಲಿ ನೀರು, ಕಸ ಮತ್ತು ಸಾಮಾನ್ಯವಾಗಿ ಮನೆ ಬಿಸಿ ಮಾಡುವ ವೆಚ್ಚಗಳು ಸೇರಿರುತ್ತವೆ. ವಿದ್ಯುತ್ ಮತ್ತು ಇಂಟರ್‌ನೆಟ್ ಬಹುತೇಕ ಪ್ರತ್ಯೇಕ. ಭದ್ರತಾ ಠೇವಣಿಯು ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರಬಾರದೆಂದು ಕಾನೂನಿದೆ, ಅದನ್ನು ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕೂ ಬಾಡಿಗೆದಾರರಿಗಿದೆ. ಅಡುಗೆಮನೆಯಲ್ಲಿ ಒಲೆ, ಸಿಂಕ್, ಕಪಾಟು ಯಾವುದೂ ಇಲ್ಲದ ಮನೆಗಳು ಇಲ್ಲಿ ಸಾಮಾನ್ಯವಾದ್ದರಿಂದ, ಇದ್ದ ಅಡುಗೆಮನೆ ಮನೆಯೊಡನೆ ಬರುತ್ತದೆಯೇ, ಹಿಂದಿನ ಬಾಡಿಗೆದಾರರು ಬಿಚ್ಚಿಕೊಂಡು ಹೋಗುತ್ತಾರೆಯೇ ಎಂದು ಮೊದಲೇ ಕೇಳಬೇಕು.

ಎಚ್ಚರಿಕೆಯ ಲಕ್ಷಣ ಒಂದಿದೆ, ಅದಕ್ಕೆ ಬಲಿಯಾಗುವವರು ಇಂದಿಗೂ ನಿಂತಿಲ್ಲ. ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಮನೆ ತೋರಿಸಲು ಆಗುವುದಿಲ್ಲ, ಠೇವಣಿ ಕಳಿಸಿದರೆ ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತಾರೆ ಎಂಬ ಮಾತು ಬಂದಲ್ಲಿ ಅದು ಮೋಸವೆಂದೇ ತಿಳಿಯಿರಿ. ಮನೆಯನ್ನು ನೀವೋ ನಿಮ್ಮ ಪರಿಚಯದವರೋ ಕಣ್ಣಾರೆ ನೋಡುವವರೆಗೆ ಒಂದು ಯೂರೋ ಕೂಡ ಕಳಿಸಬೇಡಿ, ಪಾಸ್‌ಪೋರ್ಟಿನ ಪ್ರತಿಯನ್ನೂ ಕೊಡಬೇಡಿ.

ಕೀಲಿ ಪಡೆಯುವ ದಿನ ಹಸ್ತಾಂತರ ಪತ್ರವನ್ನು, ಅಂದರೆ ಊಬರ್‌ಗಾಬೆ ಪ್ರೊಟೊಕಾಲ್ ಅನ್ನು, ಅವಸರವಿಲ್ಲದೆ ಬರೆಸಿ. ನೆಲದ ಗೀರು, ಕಿಟಕಿಯ ಮೂಲೆಯ ಕಪ್ಪು ಬೂಷ್ಟು, ಸ್ನಾನದ ಮನೆಯ ಒಡೆದ ಟೈಲು, ಕೀಲಿಗಳ ಎಣಿಕೆ, ವಿದ್ಯುತ್ ಮೀಟರಿನ ಅಂಕಿ ಎಲ್ಲವೂ ಅದರಲ್ಲಿರಲಿ, ಫೋಟೋಗಳೂ ಇರಲಿ. ಮನೆ ಬಿಡುವಾಗ ಠೇವಣಿ ಉಳಿಸುವುದು ಈ ಹಾಳೆಯೇ.

## ಹಂತ 3: ಆನ್‌ಮೆಲ್ಡುಂಗ್

ಮನೆಗೆ ಬಂದ ಎರಡು ವಾರಗಳೊಳಗೆ ವಿಳಾಸ ನೋಂದಾಯಿಸಬೇಕೆಂದು ಕಾನೂನು ಹೇಳುತ್ತದೆ. ಈ ಕೆಲಸ ಮಾಡುವ ಕಚೇರಿಗೆ ಬರ್ಲಿನ್ನಿನಲ್ಲಿ ಬ್ಯೂರ್ಗರ್‌ಆಮ್ಟ್ ಎಂದೂ ಬೇರೆ ಊರುಗಳಲ್ಲಿ ಬ್ಯೂರ್ಗರ್‌ಬ್ಯೂರೋ ಎಂದೂ ಹೆಸರು. ದೊಡ್ಡ ನಗರಗಳಲ್ಲಿ ಟರ್ಮೀನ್, ಅಂದರೆ ಭೇಟಿಯ ಸಮಯ, ಸಿಗುವುದೇ ಕಷ್ಟ. ಮನೆ ಖಚಿತವಾದ ದಿನವೇ ಕಾಯ್ದಿರಿಸಿ. ಬೆಳಿಗ್ಗೆ ಬೇಗ ನಗರಾಡಳಿತದ ಜಾಲತಾಣ ತೆರೆದರೆ ಯಾರೋ ರದ್ದು ಮಾಡಿದ ಸಮಯಗಳು ಕಾಣಸಿಗುತ್ತವೆ. ಎರಡು ವಾರಗಳೊಳಗೆ ಸಮಯ ಸಿಗದಿದ್ದರೆ ಕಾಯ್ದಿರಿಸಿದ ದಿನಾಂಕದ ದೃಢೀಕರಣವನ್ನು ಇಟ್ಟುಕೊಳ್ಳಿ. ಉಚಿತವಾಗಿ ಸಿಗುವ ಈ ಸಮಯವನ್ನು ಹಣಕ್ಕೆ ಮಾರುವವರ ಬಳಿ ಹೋಗಬಾರದು. ವಾಸವಿಲ್ಲದ ವಿಳಾಸವನ್ನು ನೋಂದಣಿಗಾಗಿ ಮಾರುವವರ ಬಳಿಯಂತೂ ಹೋಗಲೇಬಾರದು, ಅದು ಅಪರಾಧ ಮತ್ತು ದಂಡ ಭಾರಿಯಾಗಿದೆ.

ಪಾಸ್‌ಪೋರ್ಟ್, ವೀಸಾ, ತುಂಬಿದ ಅರ್ಜಿ, ಮಾಲೀಕರ ದೃಢೀಕರಣ ಪತ್ರ, ಕುಟುಂಬವಿದ್ದರೆ ವಿವಾಹ ಮತ್ತು ಜನನ ಪತ್ರಗಳನ್ನು ಒಯ್ಯಿರಿ. ಅರ್ಜಿಯಲ್ಲಿ ಧರ್ಮದ ಕಾಲಂ ಇರುತ್ತದೆ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಚರ್ಚಿನ ಸದಸ್ಯರೆಂದು ದಾಖಲಾದವರ ಆದಾಯ ತೆರಿಗೆಯ ಮೇಲೆ ಚರ್ಚ್ ತೆರಿಗೆ ಸೇರುತ್ತದೆ: ಬವೇರಿಯಾ ಮತ್ತು ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯಗಳಲ್ಲಿ ಆ ತೆರಿಗೆಯ ಶೇ. 8, ಉಳಿದೆಡೆ ಶೇ. 9. ಮಂಗಳೂರು ಕಡೆಯ ಕ್ರೈಸ್ತ ಕುಟುಂಬಗಳು ಇದನ್ನು ತಿಳಿದೇ ನಿರ್ಧರಿಸಲಿ.

ಕೊನೆಯಲ್ಲಿ ಕೈಗೆ ಕೊಡುವ ನೋಂದಣಿ ಪತ್ರವನ್ನು ಕೌಂಟರಿನ ಮುಂದೆ ನಿಂತೇ ಓದಿ. ಹುಟ್ಟಿದ ಊರು, ಹೆಸರಿನ ಅಕ್ಷರ, ಮದುವೆಯ ಮಾಹಿತಿ ತಪ್ಪಾಗಿದ್ದರೆ ಅಲ್ಲಿಯೇ ತಿದ್ದಿಸುವುದು ಐದು ನಿಮಿಷದ ಕೆಲಸ. ಮನೆಗೆ ಬಂದ ಮೇಲಾದರೆ ಮತ್ತೊಂದು ಟರ್ಮೀನ್ ಹುಡುಕಬೇಕು.

## ಹಂತ 4: ಅಂಚೆಪೆಟ್ಟಿಗೆ

ಈ ಹಂತವನ್ನು ಬಹುಮಂದಿ ಹಂತವೆಂದೇ ಎಣಿಸುವುದಿಲ್ಲ, ಆದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚು ನಷ್ಟವಾಗುವುದು ಇಲ್ಲಿಯೇ. ಜರ್ಮನಿಯಲ್ಲಿ ವಿಳಾಸಕ್ಕೆ ಫ್ಲ್ಯಾಟ್ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಅಂಚೆಯವರು ಕಟ್ಟಡದ ಬಾಗಿಲಲ್ಲಿರುವ ಪೆಟ್ಟಿಗೆಗಳ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ಹಿಂದಿರುಗುತ್ತದೆ. ಕೀಲಿ ಸಿಕ್ಕ ದಿನವೇ ಪೆಟ್ಟಿಗೆಯ ಮೇಲೂ ಕರೆಗಂಟೆಯ ಮೇಲೂ ನಿಮ್ಮ ಮನೆತನದ ಹೆಸರನ್ನು ನೋಂದಣಿಯಲ್ಲಿರುವಂತೆಯೇ ಅಂಟಿಸಿ. ಗಂಡಹೆಂಡಿರ ಕೊನೆಯ ಹೆಸರು ಬೇರೆಯಿದ್ದರೆ ಎರಡನ್ನೂ ಬರೆಯಿರಿ. ಮನೆಯ ಒಂದು ಕೋಣೆಯಲ್ಲಿ ಇರುವವರು ಮುಖ್ಯ ಬಾಡಿಗೆದಾರರ ಹೆಸರಿನ ಕೆಳಗೆ ತಮ್ಮದನ್ನು ಸೇರಿಸಲು ಅನುಮತಿ ಕೇಳಬೇಕು.

ಬ್ಯಾಂಕ್ ಕಾರ್ಡು ಒಂದು ಪತ್ರದಲ್ಲಿ, ಅದರ ಪಿನ್ ಮತ್ತೊಂದರಲ್ಲಿ, ವಿಮೆಯ ಕಾರ್ಡು, ತೆರಿಗೆ ಸಂಖ್ಯೆ ಎಲ್ಲವೂ ಈ ಪೆಟ್ಟಿಗೆಗೇ ಬರುತ್ತವೆ. ದಿನವೂ ತೆರೆಯಿರಿ, ಬಂದ ಪತ್ರವನ್ನು ಅದೇ ದಿನ ಓದಿ. ಭಾಷೆ ತಿಳಿಯದಿದ್ದರೆ ಫೋನಿನ ಅನುವಾದಕದಲ್ಲಿ ನೋಡಿ, ಮೊದಲು ಮೂರು ಸಂಗತಿಗಳನ್ನು ಹುಡುಕಿ: ಕಳಿಸಿದವರು ಯಾರು, ಹಣ ಎಷ್ಟು, ಗಡುವು ಯಾವಾಗ. ಫ್ರಿಸ್ಟ್ ಎಂದರೆ ಗಡುವು, ಮಾನುಂಗ್ ಎಂದರೆ ಬಾಕಿಯ ಜ್ಞಾಪನೆ. ಇನ್‌ಕಾಸೋ ಎಂಬ ಪದ ಕಂಡರೆ ವಿಷಯ ವಸೂಲಿ ಸಂಸ್ಥೆಯ ಕೈಗೆ ಹೋಗಿದೆ ಎಂದರ್ಥ.

ಹಳದಿ ಲಕೋಟೆಯನ್ನು ಮಾತ್ರ ಎಂದೂ ಪಕ್ಕಕ್ಕಿಡಬೇಡಿ. ಅದು ನ್ಯಾಯಾಲಯ ಅಥವಾ ಸರ್ಕಾರಿ ಕಚೇರಿಯ ವಿಧಿವತ್ತಾದ ಪತ್ರ. ಪೆಟ್ಟಿಗೆಗೆ ಹಾಕಿದ ದಿನಾಂಕವನ್ನು ಅಂಚೆಯವರು ಲಕೋಟೆಯ ಮೇಲೆ ಬರೆದಿರುತ್ತಾರೆ, ಗಡುವಿನ ಎಣಿಕೆ ಆ ದಿನದಿಂದಲೇ ಶುರುವಾಗುತ್ತದೆ. ದಂಡದ ಆದೇಶಕ್ಕೆ ಆಕ್ಷೇಪ ಸಲ್ಲಿಸಲು ಇರುವುದು ಎರಡೇ ವಾರ. ಊರಿಗೆ ಒಂದು ತಿಂಗಳ ರಜೆಗೆ ಹೋಗುವವರು ನಂಬಿಕೆಯವರೊಬ್ಬರಿಗೆ ಪೆಟ್ಟಿಗೆಯ ಕೀಲಿ ಕೊಟ್ಟು, ಪತ್ರಗಳ ಫೋಟೋ ತರಿಸಿಕೊಳ್ಳುವ ಏರ್ಪಾಡು ಮಾಡಬೇಕು.

ನೋಂದಣಿಯಾದ ಕೆಲವು ವಾರಗಳಲ್ಲಿ ರುಂಡ್‌ಫುಂಕ್‌ಬೈಟ್ರಾಗ್ ಎಂಬ ಪ್ರಸಾರ ಶುಲ್ಕದ ಪತ್ರ ಬರುತ್ತದೆ. ತಿಂಗಳಿಗೆ 18.36 ಯೂರೋ, ಮನೆಯಲ್ಲಿ ಟಿವಿ ಇಲ್ಲದಿದ್ದರೂ ಕಟ್ಟಬೇಕು. ಇದನ್ನು ಮೋಸದ ಪತ್ರವೆಂದು ಎಸೆದು, ಬಾಕಿ ಬೆಳೆದ ಮೇಲೆ ಒದ್ದಾಡುವವರು ಬಹಳ. ಶುಲ್ಕ ಒಂದು ಮನೆಗೆ ಒಂದೇ. ಜೊತೆಯಲ್ಲಿರುವವರು ಈಗಾಗಲೇ ಕಟ್ಟುತ್ತಿದ್ದರೆ ಅವರ ಶುಲ್ಕ ಸಂಖ್ಯೆಯನ್ನು ತಿಳಿಸಿ ಉತ್ತರಿಸಿದರೆ ಸಾಕು.

## ಹಂತ 5: ವಿಮೆ, ಬ್ಯಾಂಕ್, ತೆರಿಗೆ ಸಂಖ್ಯೆ

ಆರೋಗ್ಯ ವಿಮೆ ಕಡ್ಡಾಯ. ಎಒಕೆ, ಬಾರ್ಮರ್, ಟೆಕ್ನಿಕರ್ ಮುಂತಾದ ಶಾಸನಬದ್ಧ ಸಂಸ್ಥೆಗಳಲ್ಲಿ ಸಂಬಳದ ಶೇ. 14.6ರಷ್ಟು ಮೂಲ ವಂತಿಗೆ ಮತ್ತು ಅದರ ಮೇಲೆ ಪ್ರತಿ ಸಂಸ್ಥೆಯ ಹೆಚ್ಚುವರಿ ವಂತಿಗೆ ಇರುತ್ತದೆ. ಅರ್ಧವನ್ನು ಉದ್ಯೋಗದಾತರು ಕೊಡುತ್ತಾರೆ. ಆದಾಯವಿಲ್ಲದ ಸಂಗಾತಿಗೂ ಮಕ್ಕಳಿಗೂ ಅದೇ ವಂತಿಗೆಯಲ್ಲಿ ರಕ್ಷಣೆ ಸಿಗುತ್ತದೆ. ವಾರ್ಷಿಕ ಸಂಬಳ ನಿಗದಿತ ಮಿತಿಯನ್ನು (2026ಕ್ಕೆ 77,400 ಯೂರೋ) ಮೀರಿದ ನೌಕರರು ಖಾಸಗಿ ವಿಮೆಗೆ ಹೋಗಬಹುದು. ಇಪ್ಪತ್ತೆಂಟರ ವಯಸ್ಸಿನಲ್ಲಿ ಅದರ ಕಂತು ಅಗ್ಗವಾಗಿ ಕಾಣುತ್ತದೆ. ಆದರೆ ಅಲ್ಲಿ ಹೆಂಡತಿಗೆ, ಪ್ರತಿ ಮಗುವಿಗೆ ಪ್ರತ್ಯೇಕ ಕಂತು. ಮರಳಿ ಶಾಸನಬದ್ಧ ವಿಮೆಗೆ ಬರುವುದು ಕಠಿಣ, 55 ದಾಟಿದ ಮೇಲೆ ಬಹುತೇಕ ಅಸಾಧ್ಯ. ಕುಟುಂಬ ಕರೆತರುವ ಆಲೋಚನೆಯುಳ್ಳವರು ಶಾಸನಬದ್ಧ ವಿಮೆಯಲ್ಲಿಯೇ ಇರುವುದು ಒಳ್ಳೆಯದೆಂದು ನಾನು ಖಚಿತವಾಗಿ ಹೇಳುತ್ತೇನೆ. ಪ್ರವಾಸಿ ವಿಮೆಯು ಕೆಲಸಕ್ಕೆ ಸೇರುವವರೆಗಿನ ದಿನಗಳಿಗೆ ಮಾತ್ರ.

ಬ್ಯಾಂಕ್ ಖಾತೆಗೆ ಪಾಸ್‌ಪೋರ್ಟ್ ಮತ್ತು ವಿಳಾಸ ಸಾಕಾಗುತ್ತದೆ. ಸಾಮಾನ್ಯ ಖಾತೆ ನಿರಾಕರಿಸಿದರೆ ಬಾಸಿಸ್‌ಕಾಂಟೋ ಎಂಬ ಮೂಲಭೂತ ಖಾತೆಯನ್ನು ಕೇಳುವ ಹಕ್ಕು 2016ರಿಂದ ಇದೆ. ಬಾಡಿಗೆ, ವಿದ್ಯುತ್, ಫೋನ್ ಎಲ್ಲವೂ ಖಾತೆಯಿಂದ ನೇರವಾಗಿ ಎಳೆಯಲ್ಪಡುವುದರಿಂದ ಖಾತೆಯಲ್ಲಿ ಹಣವಿಲ್ಲದ ದಿನ ಬರದಂತೆ ನೋಡಿಕೊಳ್ಳಬೇಕು. ತಪ್ಪಾಗಿ ಎಳೆದ ಹಣವನ್ನು ಎಂಟು ವಾರಗಳೊಳಗೆ ಬ್ಯಾಂಕಿನ ಮೂಲಕ ಹಿಂಪಡೆಯಬಹುದು. ಭಾರತದಲ್ಲಿರುವ ನಿಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿ ಭಾರತೀಯರ ಸಾಮಾನ್ಯ ಖಾತೆಯಾಗಿ, ಬದಲಿಸುವ ಅರ್ಜಿಯನ್ನೂ ಇದೇ ಸಮಯದಲ್ಲಿ ಕಳಿಸಿಬಿಡಿ.

ಹನ್ನೊಂದು ಅಂಕಿಗಳ ತೆರಿಗೆ ಸಂಖ್ಯೆ, ಶ್ಟೊಯರ್ ಐಡಿ, ನೋಂದಣಿಯ ನಂತರ ಕೆಲವು ವಾರಗಳಲ್ಲಿ ತಾನಾಗಿಯೇ ಅಂಚೆಯಲ್ಲಿ ಬರುತ್ತದೆ. ಅದು ಉದ್ಯೋಗದಾತರಿಗೆ ತಲುಪದೆ ಉಳಿದರೆ ಕೊನೆಗೆ ಆರನೇ ತೆರಿಗೆ ವರ್ಗದಂತೆ ದೊಡ್ಡ ಮೊತ್ತ ಕಡಿತವಾಗುತ್ತದೆ. ಪತ್ರ ಬಾರದಿದ್ದರೆ ಮೊದಲು ಅಂಚೆಪೆಟ್ಟಿಗೆಯ ಹೆಸರು ಪರೀಕ್ಷಿಸಿ, ನಂತರ ಕೇಂದ್ರ ತೆರಿಗೆ ಕಚೇರಿಯ ಜಾಲತಾಣದಲ್ಲಿ ಮತ್ತೊಮ್ಮೆ ಕಳಿಸುವಂತೆ ಕೇಳಿ. ಫೋನಿನಲ್ಲಾಗಲಿ ಇಮೇಲಿನಲ್ಲಾಗಲಿ ಅವರು ಸಂಖ್ಯೆ ಹೇಳುವುದಿಲ್ಲ.

ಕಡ್ಡಾಯವಲ್ಲದಿದ್ದರೂ ಮಾಡಿಸಲೇಬೇಕಾದ ವಿಮೆ ಇನ್ನೊಂದಿದೆ. ಹಾಫ್ಟ್‌ಫ್ಲಿಶ್ಟ್ ಎಂಬ ಈ ವಿಮೆಯು ನಿಮ್ಮಿಂದ ಬೇರೆಯವರಿಗಾದ ಹಾನಿಯನ್ನು ಭರಿಸುತ್ತದೆ. ಕಟ್ಟಡದ ಕೀಲಿ ಕಳೆದರೆ ಎಲ್ಲರ ಬೀಗಗಳನ್ನು ಬದಲಿಸುವ ಖರ್ಚು ಬೀಳಬಹುದು. ಕೀಲಿ ನಷ್ಟ ಸೇರಿದೆಯೇ ಎಂದು ಕೇಳಿಯೇ ಕೊಳ್ಳಿ.

## ಹಂತ 6: ನಿವಾಸ ಪರವಾನಗಿ

ಪ್ರವೇಶ ವೀಸಾದ ಅವಧಿ ಅನೇಕರಿಗೆ ಕೆಲವೇ ತಿಂಗಳು. ವಿದೇಶಿಯರ ಕಚೇರಿಯಲ್ಲಿ ಸಮಯ ಸಿಗಲು ತಿಂಗಳುಗಳೇ ಹಿಡಿಯುವುದರಿಂದ, ಆನ್‌ಮೆಲ್ಡುಂಗ್ ಮುಗಿದ ವಾರವೇ ಅರ್ಜಿ ಹಾಕಬೇಕು. ನಿಯಮ ಸರಳವಾಗಿದೆ: ವೀಸಾ ಮುಗಿಯುವ ಮೊದಲು ಅರ್ಜಿ ತಲುಪಿದ್ದರೆ ನಿರ್ಧಾರ ಬರುವವರೆಗೆ ನಿಮ್ಮ ವಾಸ ಕಾನೂನುಬದ್ಧ. ಆನ್‌ಲೈನ್ ಅರ್ಜಿಯ ಸ್ವೀಕೃತಿಯನ್ನು ಮುದ್ರಿಸಿ ಇಟ್ಟುಕೊಳ್ಳಿ.

ಈ ನಡುವಿನ ಕಾಲಕ್ಕೆ ಕೊಡುವ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಪತ್ರದಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆಂದು ನೋಡಬೇಕು. ಜರ್ಮನಿಯ ನಿವಾಸ ಕಾನೂನಿನ ಕಲಂ 81ರ ಉಪಕಲಂ 4ರ ಗುರುತಿದ್ದರೆ ದೇಶದ ಹೊರಗೆ ಹೋಗಿ ಮರಳಬಹುದು; ಉಪಕಲಂ 3ರ ಗುರುತಿದ್ದರೆ ಅದನ್ನು ಹಿಡಿದು ಮರಳಲಾಗುವುದಿಲ್ಲ. ಇದನ್ನು ನೋಡದೆ ತಂಗಿಯ ಮದುವೆಗೆಂದು ಟಿಕೆಟ್ ತೆಗೆಯಬೇಡಿ. ಫೋಟೋ ಕೂಡ ಬದಲಾಗಿದೆ: 2025ರ ಮೇ 1ರಿಂದ ಕಾಗದದ ಫೋಟೋ ಬದಲಿಗೆ ಡಿಜಿಟಲ್ ಫೋಟೋ ಬೇಕು. ಅದನ್ನು ಕಚೇರಿಯ ಯಂತ್ರದಲ್ಲಿ ಅಥವಾ ಮಾನ್ಯತೆ ಪಡೆದ ಸ್ಟುಡಿಯೋದಲ್ಲಿ ತೆಗೆಸಬೇಕು, ಊರಿನಿಂದ ಫೋಟೋ ತಂದು ಪ್ರಯೋಜನವಿಲ್ಲ.

## ಹಂತ 7: ಮನೆಯೊಳಗಿನ ಗಾಳಿ, ಸದ್ದು, ಕಸ

ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಅಡುಗೆ ಮಾಡುವುದು ಠೇವಣಿಗೆ ಕುತ್ತು ತರುವ ಅಭ್ಯಾಸ. ಅನ್ನ, ಸಾರು, ಕುಕ್ಕರಿನ ಹಬೆ, ಒಳಗೇ ಒಣಗಿಸಿದ ಬಟ್ಟೆ ಎಲ್ಲದರ ತೇವ ತಣ್ಣನೆಯ ಹೊರಗೋಡೆಯ ಮೂಲೆಯಲ್ಲಿ ಕುಳಿತು ಕಪ್ಪು ಬೂಷ್ಟಾಗುತ್ತದೆ, ದುರಸ್ತಿಯ ಖರ್ಚು ಬಾಡಿಗೆದಾರರ ತಲೆಗೆ ಬರುತ್ತದೆ. ಕಿಟಕಿಯನ್ನು ವಾಲಿಸಿ ಇಡೀ ದಿನ ಬಿಡುವುದರಿಂದ ಗೋಡೆ ಇನ್ನಷ್ಟು ತಣ್ಣಗಾಗುತ್ತದೆ. ದಿನಕ್ಕೆ ಎರಡು ಮೂರು ಬಾರಿ, ಅಡುಗೆ ಮತ್ತು ಸ್ನಾನವಾದ ಕೂಡಲೇ, ಹೀಟರ್ ತಗ್ಗಿಸಿ ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿಯಾಡಿಸಿ. ಬೆಳಿಗ್ಗೆ ಕಿಟಕಿಯ ಗಾಜಿನ ಕೆಳತುದಿಯಲ್ಲಿ ನೀರು ನಿಂತಿದ್ದರೆ ಗಾಳಿ ಸಾಲದು ಎಂದರ್ಥ, ಒರೆಸಿ ತೆಗೆಯಿರಿ. ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಅನೇಕ ಚಿಮಣಿಗಳು ಹೊಗೆಯನ್ನು ಹೊರಗೆ ಹಾಕದೆ ಸೋಸಿ ಒಳಗೇ ಬಿಡುತ್ತವೆ. ಮಲಗುವ ಕೋಣೆಯ ಹೊಗೆ ಎಚ್ಚರಿಕೆ ಯಂತ್ರವನ್ನು ಕಿತ್ತಿಡಬೇಡಿ, ಅದು ಕಡ್ಡಾಯ.

ಅನೇಕ ಊರುಗಳ ನೀರಿನಲ್ಲಿ ಸುಣ್ಣದಂಶ ಹೆಚ್ಚು. ನಲ್ಲಿ, ಶವರಿನ ಗಾಜು, ಕೆಟಲುಗಳ ಮೇಲೆ ಬಿಳಿ ಪದರ ಕಟ್ಟುತ್ತದೆ. ವಾರಕ್ಕೊಮ್ಮೆ ಸಿಟ್ರಿಕ್ ಆಮ್ಲದ ದ್ರಾವಣದಿಂದ ತೊಳೆದರೆ ಹೋಗುತ್ತದೆ. ವರ್ಷ ಬಿಟ್ಟರೆ ಹೋಗುವುದಿಲ್ಲ.

ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮತ್ತು ಭಾನುವಾರ ಪೂರ್ತಿ ಸದ್ದು ಮಾಡಬಾರದು. ಡ್ರಿಲ್ಲಿಂಗ್, ಸುತ್ತಿಗೆ, ಗಾಜಿನ ಬಾಟಲಿ ಎಸೆಯುವುದು ಭಾನುವಾರ ಸಲ್ಲದು. ದೋಸೆಗೆ ರುಬ್ಬುವ ಗ್ರೈಂಡರನ್ನು ಶನಿವಾರ ಸಂಜೆಯೇ ಓಡಿಸಿ, ಅಡಿಯಲ್ಲಿ ದಪ್ಪ ರಬ್ಬರ್ ಹಾಸು ಹಾಕಿ. ಭಾನುವಾರ ಅಂಗಡಿಗಳೂ ಮುಚ್ಚಿರುವುದರಿಂದ ಸಾಮಾನು ಶನಿವಾರವೇ ತರಬೇಕು.

ಕಸದ ಬಣ್ಣಗಳು ಊರಿನಿಂದ ಊರಿಗೆ ಬದಲಾಗುತ್ತವೆ, ಆದರೆ ವಿಂಗಡಣೆ ಒಂದೇ ಬಗೆಯದು: ಕಾಗದ, ಪ್ಯಾಕಿಂಗ್ ವಸ್ತು, ಅಡುಗೆಮನೆಯ ಹಸಿ ಕಸ, ಉಳಿದದ್ದು. ಉಪ್ಪಿನಕಾಯಿಯ ಗಾಜಿನ ಜಾಡಿ ಬೀದಿಯ ಗಾಜಿನ ತೊಟ್ಟಿಗೆ, ಬಿಳಿ, ಕಂದು, ಹಸಿರು ಬಣ್ಣದಂತೆ ಬೇರೆಬೇರೆಯಾಗಿ ಹೋಗಬೇಕು. ಒಮ್ಮೆ ಬಳಸಿ ಬಿಡುವ ಪಾನೀಯದ ಬಾಟಲಿ ಮತ್ತು ಕ್ಯಾನುಗಳಿಗೆ 25 ಸೆಂಟ್ ಠೇವಣಿಯಿದೆ. ಜಜ್ಜದೆ, ಲೇಬಲ್ ಕೀಳದೆ ಅಂಗಡಿಯ ಯಂತ್ರಕ್ಕೆ ಹಾಕಿ ಹಣ ಪಡೆಯಿರಿ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬಾರದು.

## ಹಂತ 8: ವೈದ್ಯರು

ಆರೋಗ್ಯವಾಗಿರುವಾಗಲೇ ಮನೆಯ ಹತ್ತಿರ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ಹೌಸ್‌ಆರ್ಟ್ಸ್, ಅಂದರೆ ಕುಟುಂಬ ವೈದ್ಯರನ್ನು ಹುಡುಕಿಡಿ. ಜ್ವರ ಬಂದ ದಿನ ಹುಡುಕಿದರೆ ಜಾಗವಿಲ್ಲ ಎನ್ನುತ್ತಾರೆ. ರಾತ್ರಿ ಅಥವಾ ವಾರಾಂತ್ಯದಲ್ಲಿ ವೈದ್ಯರು ಬೇಕಾದರೆ 116117, ಪ್ರಾಣಾಪಾಯವಿದ್ದರೆ ಅಥವಾ ಬೆಂಕಿಯಿದ್ದರೆ 112, ಪೊಲೀಸರಿಗೆ 110. ಆ್ಯಂಟಿಬಯೋಟಿಕ್ ಚೀಟಿಯಿಲ್ಲದೆ ಸಿಗುವುದಿಲ್ಲ.

ಕೆಲಸಕ್ಕೆ ಹೋಗಲಾಗದ ದಿನ ಕೆಲಸದ ಸಮಯ ಶುರುವಾಗುವ ಮೊದಲೇ ತಿಳಿಸಬೇಕು. ಅನಾರೋಗ್ಯ ಮೂರು ದಿನ ಮೀರಿದರೆ ವೈದ್ಯರ ಪ್ರಮಾಣ ಬೇಕು. ಕರಾರಿನಲ್ಲಿ ಮೊದಲ ದಿನದಿಂದಲೇ ಕೇಳಿದ್ದರೆ ಹಾಗೆಯೇ ನಡೆಯಬೇಕು. ಶನಿವಾರ, ಭಾನುವಾರಗಳೂ ಎಣಿಕೆಗೆ ಸೇರುತ್ತವೆ.

## ಹಂತ 9: ಮಕ್ಕಳು

ಶಿಶುವಿಹಾರದ ಸ್ಥಾನಕ್ಕೆ ಆನ್‌ಮೆಲ್ಡುಂಗ್ ಆದ ಕೂಡಲೇ ಹೆಸರು ಬರೆಸಿ, ಸ್ಥಾನಗಳ ಕೊರತೆ ತೀವ್ರವಾಗಿದೆ. ಬರ್ಲಿನ್ ಮತ್ತು ಹ್ಯಾಂಬರ್ಗ್‌ಗಳಲ್ಲಿ ಮೊದಲು ಗುಟ್‌ಶೈನ್ ಎಂಬ ಮಂಜೂರಾತಿ ಪತ್ರ ಪಡೆಯಬೇಕು. ಶಿಶುವಿಹಾರಕ್ಕೂ ಶಾಲೆಗೂ ದಡಾರ ಲಸಿಕೆಯ ಪುರಾವೆ ಕೇಳುತ್ತಾರೆ, ಊರಿನ ಲಸಿಕೆ ಪುಸ್ತಕ ಬೇಕಾಗುವುದು ಇಲ್ಲಿ. ಮಕ್ಕಳ ಭತ್ಯೆಯಾದ ಕಿಂಡರ್‌ಗೆಲ್ಡ್ 2026ರಲ್ಲಿ ತಿಂಗಳಿಗೆ ಮಗುವಿಗೆ 259 ಯೂರೋ. ಅರ್ಹತೆಯು ನಿವಾಸ ಪರವಾನಗಿಯ ಬಗೆಯನ್ನು ಅವಲಂಬಿಸಿದೆ, ಹಿಂದಿನ ಬಾಕಿ ಆರು ತಿಂಗಳಿನದು ಮಾತ್ರ ಸಿಗುವುದರಿಂದ ತಡಮಾಡಬಾರದು.

ಶಾಲೆಗೆ ಹೋಗುವ ಮಗುವನ್ನು ಅಗ್ಗದ ಟಿಕೆಟ್ಟಿಗಾಗಿ ರಜೆಗೆ ಮೊದಲೇ ಊರಿಗೆ ಕರೆದೊಯ್ಯುವುದು ಇಲ್ಲಿ ದಂಡಾರ್ಹ. ಅಜ್ಜಅಜ್ಜಿಯರ ತುರ್ತು ಸ್ಥಿತಿಯಂಥ ಕಾರಣವಿದ್ದರೆ ಶಾಲೆಗೆ ಬರೆದು ಅನುಮತಿ ಪಡೆಯಿರಿ.

## ಹಂತ 10: ಲೈಸೆನ್ಸ್ ಮತ್ತು ಕರಾರುಗಳು

ಭಾರತದ ಲೈಸೆನ್ಸಿನಲ್ಲಿ ಇಲ್ಲಿ ವಾಸ ಶುರುವಾದ ದಿನದಿಂದ ಆರು ತಿಂಗಳು ಮಾತ್ರ ವಾಹನ ಓಡಿಸಬಹುದು. ನಂತರ ಓಡಿಸಿದರೆ ಲೈಸೆನ್ಸಿಲ್ಲದೆ ಓಡಿಸಿದ ಅಪರಾಧವಾಗುತ್ತದೆ. ಜರ್ಮನ್ ಲೈಸೆನ್ಸಿಗೆ ಲಿಖಿತ ಮತ್ತು ಚಾಲನಾ ಪರೀಕ್ಷೆಗಳೆರಡೂ ಬೇಕು. ಊರಿನ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಕಡ್ಡಾಯ ತರಬೇತಿ ಗಂಟೆಗಳಿಂದ ವಿನಾಯಿತಿ ಇದೆ. ಆದರೂ ಬಲಬದಿಯ ಸಂಚಾರಕ್ಕೆ ಕೈ ಕೂಡಲು ಕೆಲವು ಪಾಠ ತೆಗೆದುಕೊಳ್ಳುವುದು ಕ್ಷೇಮ.

ಫೋನ್, ಇಂಟರ್‌ನೆಟ್, ಜಿಮ್ ಕರಾರುಗಳಿಗೆ ಸಹಿ ಹಾಕುವ ಮುನ್ನ ಕನಿಷ್ಠ ಅವಧಿ ಮತ್ತು ರದ್ದುಪಡಿಸುವ ಗಡುವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಬಸ್ಸು, ಮೆಟ್ರೋ, ಪ್ರಾದೇಶಿಕ ರೈಲುಗಳಿಗೆಲ್ಲ ಸಲ್ಲುವ ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಮುಂದಿನ ತಿಂಗಳಿಗೆ ಬೇಡವಾದರೆ ಈ ತಿಂಗಳ 10ರೊಳಗೆ ರದ್ದುಪಡಿಸಬೇಕು.

ಮೊದಲ ಮನೆ ಬಿಟ್ಟು ಬೇರೆಡೆಗೆ ಹೋದಾಗ ಹೊಸ ವಿಳಾಸವನ್ನು ಮತ್ತೆ ಎರಡು ವಾರಗಳೊಳಗೆ ನೋಂದಾಯಿಸಿ, ಬ್ಯಾಂಕ್, ವಿಮೆ, ಉದ್ಯೋಗದಾತರು, ಪ್ರಸಾರ ಶುಲ್ಕ ಕಚೇರಿಗಳಿಗೆ ತಿಳಿಸಿ, ಹಳೆಯ ವಿಳಾಸದ ಪತ್ರಗಳನ್ನು ಹೊಸದಕ್ಕೆ ಕಳಿಸುವ ಅರ್ಜಿಯನ್ನು ಅಂಚೆ ಇಲಾಖೆಗೆ ಮುಂಚಿತವಾಗಿ ಕೊಡಿ.